ವಿಎಫ್‌ಎಕ್ಸ್ ಕಾಂಪೋಸಿಟಿಂಗ್, ಮೋಷನ್ ಗ್ರಾಫಿಕ್ಸ್: ಕೆಲಸ ಮಾಡುವವರ ಹತ್ತಿರವೇ ಕಲಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಕಾಂಪೋಸಿಟರ್, ಸಿನಿಮಾದ ವಿಎಫ್‌ಎಕ್ಸ್ (ವಿಷುಯಲ್ ಎಫೆಕ್ಟ್ಸ್) ಕೆಲಸದವನು. ರೋಟೊದಿಂದ, ಅಂದರೆ ಶಾಟ್‌ನ ಮನುಷ್ಯ ಅಥವಾ ವಸ್ತುವಿನ ಸುತ್ತ ಗೆರೆ ಎಳೆದು ಅದನ್ನು ಬೇರ್ಪಡಿಸುವ ಕೆಲಸದಿಂದ, ಶುರು ಮಾಡಿ ಇಲ್ಲಿಗೆ ಬಂದವನು. ಶನಿವಾರಗಳಲ್ಲಿ ಕೆಲವು ಹುಡುಗ ಹುಡುಗಿಯರ ಶಾಟ್ ನೋಡಿ ನೋಟ್ಸ್ (ಏನು ತಿದ್ದಬೇಕೆಂಬ ಸಲಹೆ) ಕೊಡುತ್ತೇನೆ. ಅವರು ಮತ್ತು ಅವರ ಅಪ್ಪ ಅಮ್ಮ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು.

ಕಾಂಪೋಸಿಟಿಂಗ್ ಅಂದರೆ ನಿಜವಾಗಿ ಏನು ಕೆಲಸ?

ಬೇರೆ ಬೇರೆ ಕಡೆ, ಬೇರೆ ಬೇರೆ ಹೊತ್ತಿನಲ್ಲಿ ತಯಾರಾದ ಚಿತ್ರಗಳನ್ನು ಸೇರಿಸುವ ಕೆಲಸ. ನೋಡಿದವರಿಗೆ ಅದು ಒಂದೇ ಕ್ಯಾಮೆರಾ ಒಂದೇ ಸಲ ಹಿಡಿದಂತೆ ಕಾಣಬೇಕು.

1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್, ಅಲ್ವಾ? ಫಿಲ್ಮ್ ಕಾಲದಲ್ಲಿ ಇಂಥ ಡಬಲ್ ರೋಲ್‌ಗೆ ಸಾಮಾನ್ಯವಾಗಿ ಬಳಸುತ್ತಿದ್ದ ಉಪಾಯ ಮಾಸ್ಕ್ ಶಾಟ್. ಲೆನ್ಸಿನ ಒಂದು ಬದಿ ಮುಚ್ಚಿ ಒಮ್ಮೆ ಶೂಟ್ ಮಾಡುತ್ತಿದ್ದರು. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನೊಂದು ಬದಿ ಮುಚ್ಚಿ, ನಟ ವೇಷ ಬದಲಿಸಿ ಬಂದ ಮೇಲೆ ಮತ್ತೆ ಶೂಟ್ ಮಾಡುತ್ತಿದ್ದರು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ನಡುವಿನ ಗೆರೆ ಕಾಣುತ್ತಿತ್ತು. ನಟನ ಕೈ ಗೆರೆ ದಾಟಿದರೆ ಕೈಯೇ ಮಾಯ. ನಮ್ಮ ಉದ್ಯಾವರದ ನಿರ್ದೇಶಕ ಬಿ. ವಿಠ್ಠಲಾಚಾರ್ಯರು ಮಾಯಾಜಾಲದ ಸಿನಿಮಾಗಳಿಗೆ ಹೆಸರಾದದ್ದು ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ. ನೆನೆದರೆ ಇವತ್ತಿಗೂ ಮೈ ಜುಂ ಎನ್ನುತ್ತದೆ.

ಇವತ್ತು ಆ ಗೆರೆ ನೇರವಾಗಿಲ್ಲ. ನಟನ ಕೂದಲಿನ ಅಂಚಿನಲ್ಲಿ, ಸೀರೆಯ ಸೆರಗಿನಲ್ಲಿ ಓಡುತ್ತದೆ. ಕ್ಯಾಮೆರಾನೂ ಓಡಾಡುತ್ತಿರುತ್ತದೆ. ಆದರೆ ಜೋಡಿಸಿದ ಜಾಗ ಕಾಣಬಾರದು ಅನ್ನುವ ಕಷ್ಟ ಮಾತ್ರ ಅದೇ.

ಮೋಷನ್ ಗ್ರಾಫಿಕ್ಸ್ ಬೇರೆನಾ?

ಹೌದು. ಟೈಟಲ್, ಲೋಗೊ, ಚುನಾವಣೆ ರಾತ್ರಿ ಟಿವಿಯಲ್ಲಿ ಓಡುವ ನಕ್ಷೆ, ಜಾಹೀರಾತಿನ ಅಕ್ಷರ ಇವೆಲ್ಲ ಮೋಷನ್ ಗ್ರಾಫಿಕ್ಸ್. ಕಾಂಪೋಸಿಟರ್ ತನ್ನ ಕೈಕೆಲಸವನ್ನು ಮುಚ್ಚಿಡುತ್ತಾನೆ. ಮೋಷನ್ ಡಿಸೈನರ್ ತನ್ನ ಕೆಲಸವನ್ನು ಎದುರಿಗೇ ಇಡುತ್ತಾನೆ. ಹಾಗಾಗಿ ಕಲಿಯಬೇಕಾದದ್ದೂ ಬೇರೆ: ಒಬ್ಬನಿಗೆ ಬೆಳಕು, ಲೆನ್ಸ್, ಫೋಟೊಗ್ರಫಿ, ಇನ್ನೊಬ್ಬನಿಗೆ ಅಕ್ಷರ, ಬಣ್ಣ, ತಾಳ. ಎರಡನ್ನೂ ಸ್ವಲ್ಪ ರುಚಿ ನೋಡಿ, ಆಮೇಲೆ ಒಂದನ್ನು ಹಿಡಿಯಿರಿ.

ಯಾವ ಸಾಫ್ಟ್‌ವೇರ್ ಕಲಿಯಬೇಕು? ದುಡ್ಡು ಕೊಟ್ಟೇ ತಗೋಬೇಕಾ?

ಸಿನಿಮಾ ಕಾಂಪೋಸಿಟಿಂಗ್‌ಗೆ ನ್ಯೂಕ್. ಇದು ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ಡಿಜಿಟಲ್ ಡೊಮೇನ್ ಸ್ಟುಡಿಯೊದ ಒಳಗೆ. ಅಲ್ಲಿನವರು ತಮ್ಮ ಶಾಟ್‌ಗಳಿಗಾಗಿಯೇ ಮಾಡಿಕೊಂಡ ಉಪಕರಣ. 2007ರಿಂದ ಲಂಡನ್ನಿನ ಫೌಂಡ್ರಿ ಕಂಪನಿ ಅದನ್ನು ಬೆಳೆಸುತ್ತಿದೆ. ಮೋಷನ್ ಗ್ರಾಫಿಕ್ಸ್‌ಗೆ ಆಫ್ಟರ್ ಎಫೆಕ್ಟ್ಸ್, 1993ರಿಂದ ಇರುವಂಥದ್ದು.

ಕಲಿಯಲು ಕ್ರ್ಯಾಕ್ ಮಾಡಿದ್ದು ಬೇಡವೇ ಬೇಡ. ವೈರಸ್ ಭಯ ಒಂದು ಕಡೆ ಇರಲಿ, ನೀವು ಬದುಕು ಕಟ್ಟಿಕೊಳ್ಳಲು ಹೊರಟಿರುವುದೇ ಈ ಉದ್ಯಮದಲ್ಲಿ. ನ್ಯೂಕ್‌ಗೆ ಉಚಿತ ನಾನ್-ಕಮರ್ಷಿಯಲ್ ಆವೃತ್ತಿ ಇದೆ. ಔಟ್‌ಪುಟ್ 1920×1080ರ ತನಕ ಸಿಗುತ್ತದೆ, ಕಲಿಯಲು ಅಷ್ಟು ಸಾಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಫ್ಯೂಷನ್ ಎಂಬ ಕಾಂಪೋಸಿಟಿಂಗ್ ವಿಭಾಗ ಇದೆ. ಬ್ಲೆಂಡರ್ ಪೂರ್ತಿ ಉಚಿತ. ಈ ಮೂರರಲ್ಲೂ ಕಾಂಪೋಸಿಟಿಂಗ್ ನಡೆಯುವುದು ನೋಡ್‌ಗಳಿಂದ: ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಅವನ್ನು ಗೆರೆಗಳಿಂದ ಜೋಡಿಸುವುದು. ಒಂದರಲ್ಲಿ ಕಲಿತ ಬುದ್ಧಿ ಇನ್ನೊಂದರಲ್ಲೂ ನಡೆಯುತ್ತದೆ.

ಯೂಟ್ಯೂಬ್‌ನಲ್ಲಿ ಎಲ್ಲಾ ಇದೆಯಲ್ಲ, ಕೆಲಸ ಮಾಡುವ ಕಲಾವಿದರ ಹತ್ತಿರವೇ ಯಾಕೆ ಕಲಿಯಬೇಕು?

ಬಟನ್ ಎಲ್ಲಿದೆ ಅಂತ ತಿಳಿಯಲು ಯೂಟ್ಯೂಬ್ ಸಾಕು. ನಾನೂ ಇವತ್ತಿಗೂ ನೋಡುತ್ತೇನೆ. ಆದರೆ ಟ್ಯುಟೋರಿಯಲ್ ನಿಮ್ಮ ಶಾಟನ್ನು ನೋಡುವುದಿಲ್ಲ. ಕಲಿಕೆ ನಿಲ್ಲುವುದೇ ಅಲ್ಲಿ.

ನನ್ನ ಮೊದಲ ಲೀಡ್ (ತಂಡ ನಡೆಸುವವರು) ಒಬ್ಬರು ಅಕ್ಕ. ಒಂದು ಶಾಟ್‌ನಲ್ಲಿ ನಟಿ ತಾರಸಿಯ ಮೇಲೆ ನಿಂತಿದ್ದಾಳೆ, ಹಿಂದೆ ಸಂಜೆಯ ಊರನ್ನು ಹಾಕಬೇಕಿತ್ತು. ಕೀ (ನಟಿಯ ಹಿಂದಿನ ಹಸಿರು ಪರದೆಯನ್ನು ಅಳಿಸುವುದು) ಚೆನ್ನಾಗಿ ಬಂದಿತ್ತು, ಅಂಚೂ ಸ್ವಚ್ಛ. ಆದರೂ ಹಿಂದಿನ ಊರು ಅಂಟಿಸಿದ ಪೋಸ್ಟರಿನಂತೆ ಕಾಣುತ್ತಿತ್ತು. ಎರಡು ದಿನ ಬಣ್ಣ ಎಳೆದಾಡಿದೆ, ಸರಿಹೋಗಲಿಲ್ಲ. ಅಕ್ಕ ನನ್ನ ಮೌಸ್ ಮುಟ್ಟಲಿಲ್ಲ. ಆಫೀಸಿನ ತಾರಸಿಗೆ ಕರೆದುಕೊಂಡು ಹೋದರು. ಹತ್ತಿರದಲ್ಲಿ ಒಂದು ಕಪ್ಪು ನೀರಿನ ಟ್ಯಾಂಕ್. ಎರಡು ಬೀದಿ ಆಚೆ ಅಂಥದ್ದೇ ಇನ್ನೊಂದು. “ಎರಡೂ ಒಂದೇ ಕಪ್ಪಾ ನೋಡು” ಅಂದರು. ಅಲ್ಲ. ದೂರದ್ದು ಬೂದಿ ಬಣ್ಣಕ್ಕೆ ತಿರುಗಿತ್ತು, ಸ್ವಲ್ಪ ನೀಲಿಯೂ ಸೇರಿತ್ತು. ನಡುವೆ ಇರುವ ಧೂಳು, ಹೊಗೆ, ತೇವ ಎಲ್ಲ ಬೆಳಕನ್ನು ಚೆದುರಿಸಿ ದೂರದ ಕಪ್ಪನ್ನು ತೆಳುವಾಗಿಸುತ್ತವೆ. ನಾನು ಹಾಕಿದ್ದ ಊರಿನ ಕಪ್ಪು ನಟಿಯ ಕೂದಲಿನಷ್ಟೇ ಗಾಢವಾಗಿತ್ತು. ಕೆಳಗೆ ಬಂದು ಹಿನ್ನೆಲೆಯ ಬ್ಲ್ಯಾಕ್ ಲೆವೆಲ್ ಎತ್ತಿದೆ. ಐದು ನಿಮಿಷದಲ್ಲಿ ಊರು ದೂರಕ್ಕೆ ಸರಿಯಿತು.

‘ಬ್ಲ್ಯಾಕ್ ಲೆವೆಲ್ ಮ್ಯಾಚ್ ಮಾಡಿ’ ಎಂದು ಎಷ್ಟೋ ವೀಡಿಯೊಗಳು ಹೇಳುತ್ತವೆ. ನಾನೂ ಅದನ್ನು ಕೇಳಿದ್ದೆ. ಆದರೆ ನನ್ನ ಶಾಟ್‌ನಲ್ಲಿ ತಪ್ಪಿದ್ದು ಅದೇ ಅಂತ ಹೇಳಲು ಒಬ್ಬ ಮನುಷ್ಯ ಬೇಕಾಯಿತು.

ಅನುಭವ ಇರುವವರು ನೋಡುವ ಕ್ರಮವೇ ಬೇರೆ. ವ್ಯೂವರ್‌ನಲ್ಲಿ ಗಾಮಾ ಏರಿಸಿ ಕತ್ತಲಿನಲ್ಲಿ ಏನು ಅಡಗಿದೆ ಎಂದು ನೋಡುತ್ತಾರೆ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಸಾಮಾನ್ಯವಾಗಿ ನೀಲಿಯಲ್ಲಿ ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಸಣ್ಣ ಕಾಳು) ಜಾಸ್ತಿ. ಹೊಸದಾಗಿ ಸೇರಿಸಿದ ವಸ್ತುವಿಗೆ ಗ್ರೇನ್ ಹಾಕದಿದ್ದರೆ ಅಲ್ಲಿ ಅದು ಮೇಣದಂತೆ ನುಣ್ಣಗೆ ಕಾಣುತ್ತದೆ. ಚಿತ್ರವನ್ನು ಎಡಬಲ ತಿರುಗಿಸಿ ನೋಡುತ್ತಾರೆ, ಅಭ್ಯಾಸವಾದ ಕಣ್ಣಿಗೆ ಅದು ಹೊಸದಾಗಿ ಕಾಣಲಿ ಅಂತ. ಆಮೇಲೆ ಪೂರ್ತಿ ವೇಗದಲ್ಲಿ ಓಡಿಸಿ, ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಗಮನಿಸುತ್ತಾರೆ. ಅವರ ಪಕ್ಕ ಕೂತು ಇಪ್ಪತ್ತು ಸಲ ನೋಡಿದ ಮೇಲೆ ನಿಮ್ಮ ಕಣ್ಣೂ ಅದೇ ದಾರಿಯಲ್ಲಿ ಹೋಗಲು ಶುರುವಾಗುತ್ತದೆ. ನಾನು ಹಣ ಕೊಟ್ಟು ಕಲಿಯಿರಿ ಅಂತ ಹೇಳುವುದಾದರೆ ಇದೊಂದಕ್ಕೆ ಮಾತ್ರ.

ಒಳ್ಳೆಯ ಕೋರ್ಸ್ ಅಂತ ಗುರುತಿಸುವುದು ಹೇಗೆ?

ಫೀಸ್ ಕಟ್ಟುವ ಮೊದಲು ಒಂದೇ ವಿಷಯ ಕೇಳಿ: “ನನ್ನ ಶಾಟ್‌ಗೆ ಯಾರು ನೋಟ್ಸ್ ಕೊಡುತ್ತಾರೆ, ಎಷ್ಟು ಸಲ?” ಉತ್ತರ ತಡವರಿಸಿದರೆ ಎದ್ದು ಬನ್ನಿ. ಪಾಠ ಮಾಡುವವರ ಶೋರೀಲ್ (ತಾವು ಮಾಡಿದ ಶಾಟ್‌ಗಳನ್ನು ಜೋಡಿಸಿದ ವೀಡಿಯೊ) ತೋರಿಸಿ ಎಂದು ಕೇಳಲು ನಾಚಿಕೆ ಬೇಡ. ಅವರು ಯಾವ ಶಾಟ್‌ನಲ್ಲಿ ಏನು ಮಾಡಿದರು ಎಂದು ಹೇಳಬಲ್ಲವರಾಗಿರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಒಂದು ತರಬೇತಿ ಕೇಂದ್ರಕ್ಕೆ ಅಪ್ಪ ಸಾಲ ಮಾಡಿ ತಂದ ದುಡ್ಡು ಕಟ್ಟಿದ್ದೆ. ಅಲ್ಲಿ ಕಲಿಸುತ್ತಿದ್ದವರು ಹಿಂದಿನ ಬ್ಯಾಚಿನ ವಿದ್ಯಾರ್ಥಿ. ಸಿನಿಮಾಕ್ಕೆ ಒಂದು ಶಾಟ್ ಕೂಡ ಕೊಟ್ಟವರಲ್ಲ. ಒಳ್ಳೆಯ ಮನುಷ್ಯ, ತನಗೆ ಗೊತ್ತಿದ್ದದ್ದನ್ನು ಮನಸಾರೆ ಹೇಳಿದರು. ಆದರೆ ಎಲ್ಲರ ಶೋರೀಲ್‌ನಲ್ಲೂ ಅದೇ ಸ್ಫೋಟ, ಅದೇ ಹಾರುವ ಕಾರು. ಸ್ಟುಡಿಯೊದವರು ನೋಡಿದ ತಕ್ಷಣ ಇದು ಯಾವ ಕೇಂದ್ರದ್ದು ಅಂತ ಹೇಳುತ್ತಿದ್ದರು. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಬೋರ್ಡನ್ನು ನಂಬಿ ನಿರ್ಧಾರ ಮಾಡಬೇಡಿ.

ಊರಲ್ಲಿದ್ದುಕೊಂಡೇ ಕಲಿಯಬಹುದಾ? ಬೆಂಗಳೂರಿಗೆ ಬರಲೇಬೇಕಾ?

ಕಲಿಯಬಹುದು. ಕೆಲಸ ಮಾಡುವ ಕಲಾವಿದರೇ ಪಾಠ ಮಾಡುವ ಎಫ್‌ಎಕ್ಸ್‌ಪಿಎಚ್‌ಡಿ, ಮೋಷನ್ ಗ್ರಾಫಿಕ್ಸ್‌ಗೆ ಸ್ಕೂಲ್ ಆಫ್ ಮೋಷನ್ ಇಂಥವು ಆನ್‌ಲೈನ್‌ನಲ್ಲಿವೆ. ಡಾಲರ್ ಲೆಕ್ಕದ ಫೀಸ್ ನಮಗೆ ಭಾರ. ಇಬ್ಬರು ಮೂವರು ಗೆಳೆಯರು ಸೇರಿ ವಾರಕ್ಕೊಮ್ಮೆ ಒಬ್ಬರ ಶಾಟ್ ಇನ್ನೊಬ್ಬರು ನೋಡುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ಕೆಲಸ ಆಗುತ್ತದೆ. ಅದಕ್ಕೆ ಖರ್ಚಿಲ್ಲ.

ಬೆಂಗಳೂರಿಗೆ ಬಂದರೆ ಮಹದೇವಪುರದಲ್ಲಿ ಎವಿಜಿಸಿ (ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ಸೆಂಟರ್ ಆಫ್ ಎಕ್ಸಲೆನ್ಸ್ ಇದೆ. ಕರ್ನಾಟಕ ಸರ್ಕಾರದ ನೆರವಿನಲ್ಲಿ 2023ರಲ್ಲಿ ಶುರುವಾಯಿತು. ಇಲ್ಲಿನ ಅನಿಮೇಷನ್ ಉದ್ಯಮದವರ ಸಂಘ ಅಬಾಯ್ ನಡೆಸುವ ಜಿಎಎಫ್‌ಎಕ್ಸ್ ಸಮಾವೇಶಕ್ಕೂ ಒಮ್ಮೆ ಹೋಗಿ. ವೇದಿಕೆಯ ಭಾಷಣ ಒಂದು ಲಾಭ. ಊಟದ ಸಾಲಿನಲ್ಲಿ ಪಕ್ಕ ನಿಂತ ಸೀನಿಯರ್ ಜೊತೆ ಆಡುವ ಮಾತು ಅದಕ್ಕಿಂತ ದೊಡ್ಡ ಲಾಭ.

ರೋಟೊ ಕೆಲಸಕ್ಕೆ ಸೇರಿದರೆ ಅಲ್ಲೇ ಉಳಿದುಬಿಡ್ತೀನಾ?

ಈ ಭಯ ಎಲ್ಲರಿಗೂ ಇದೆ. ಕೆಲವರು ಉಳಿಯುತ್ತಾರೆ ಎಂಬುದೂ ನಿಜ. ಆದರೂ ನಾನು ರೋಟೊವನ್ನು ಕೀಳಾಗಿ ನೋಡಲು ಬಿಡುವುದಿಲ್ಲ. ಮ್ಯಾಕ್ಸ್ ಫ್ಲೈಷರ್ ಇದಕ್ಕೆ ಪೇಟೆಂಟ್ ಪಡೆದದ್ದು 1917ರಲ್ಲಿ. ನೂರು ವರ್ಷ ದಾಟಿದರೂ ಇದಿಲ್ಲದೆ ಸಿನಿಮಾ ನಡೆಯುತ್ತಿಲ್ಲ.

ಹೊಸಬರು ಮನುಷ್ಯನ ಸುತ್ತ ಒಂದೇ ಗೆರೆ ಎಳೆದು, ಪ್ರತಿ ಫ್ರೇಮಿನಲ್ಲೂ ಅದನ್ನು ಸರಿಪಡಿಸುತ್ತಾ ಹೋಗುತ್ತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಪ್ರತಿಯೊಂದರಲ್ಲೂ ಗೆರೆ ಸ್ವಲ್ಪ ಅತ್ತಿತ್ತ ಆದರೆ, ಓಡಿಸಿದಾಗ ಅಂಚು ಕುದಿಯುವ ನೀರಿನಂತೆ ನಡುಗುತ್ತದೆ. ನಾವು ಅದನ್ನು ಚ್ಯಾಟರ್ ಅನ್ನುತ್ತೇವೆ. ಸರಿಯಾದ ದಾರಿ: ದೇಹ ಎಲ್ಲೆಲ್ಲಿ ಮಡಚುತ್ತದೋ ಅಲ್ಲಲ್ಲಿ ತುಂಡು ಮಾಡಿ. ಮುಂಗೈ ಬೇರೆ, ತೋಳು ಬೇರೆ, ಭುಜ ಬೇರೆ. ಪಾಯಿಂಟ್ ಆದಷ್ಟು ಕಡಿಮೆ ಇರಲಿ. ಮೊಣಕೈ ಮೇಲಿಟ್ಟ ಪಾಯಿಂಟ್ ಕೊನೆಯವರೆಗೂ ಮೊಣಕೈ ಮೇಲೇ ಇರಬೇಕು. ಮೊದಲು ಚಲನೆ ತಿರುಗುವ ಫ್ರೇಮ್‌ಗಳಲ್ಲಿ ಕೀಫ್ರೇಮ್ ಹಾಕಿ (ಅಲ್ಲಿ ಗೆರೆಯನ್ನು ಕೈಯಾರೆ ಕೂರಿಸಿ, ನಡುವಿನದನ್ನು ಸಾಫ್ಟ್‌ವೇರ್ ತುಂಬುತ್ತದೆ): ಕೈ ತುಂಬ ಮೇಲೆ ಹೋದಾಗ, ತುಂಬ ಕೆಳಗೆ ಬಂದಾಗ. ಆಮೇಲೆ ಅವುಗಳ ನಡುವೆ. ಬೇಕಾದರೆ ಮಾತ್ರ ಮತ್ತೆ ನಡುವೆ.

ಹೀಗೆ ಒಂದು ವರ್ಷ ಮಾಡಿದವನಿಗೆ ಮನುಷ್ಯ ಹೇಗೆ ನಡೆಯುತ್ತಾನೆ, ತೂಕ ಯಾವ ಕಾಲಿನ ಮೇಲಿದೆ, ಫೋಕಸ್ ಎಲ್ಲಿ ಬದಲಾಯಿತು, ಎಲ್ಲ ಕಣ್ಣಿಗೆ ಹತ್ತಿರುತ್ತದೆ. ಅದನ್ನು ಯಾವ ಕ್ಲಾಸೂ ಕೊಡುವುದಿಲ್ಲ. ಅಲ್ಲೇ ಉಳಿಯದಿರಲು ಒಂದು ಉಪಾಯ ಹೇಳುತ್ತೇನೆ. ನಿಮ್ಮ ರೋಟೊ ಬಳಸಿ ಕಾಂಪೋಸಿಟಿಂಗ್ ಮಾಡಿದವರು ಯಾರು ಎಂದು ಕಂಡುಹಿಡಿದು, ಶಾಟ್ ಮುಗಿದ ಮೇಲೆ ಅವರ ನ್ಯೂಕ್ ಸ್ಕ್ರಿಪ್ಟ್ (ನೋಡ್‌ಗಳೆಲ್ಲ ಇರುವ ಫೈಲ್) ತೋರಿಸಿ ಎಂದು ಕೇಳಿ. ಕೇಳಿದರೆ ತೋರಿಸದವರು ಕಡಿಮೆ.

ಪರದೆ ಹಸಿರೇ ಯಾಕೆ? ಕೀಯರ್ ಹಾಕಿದರೂ ಕೂದಲು ಯಾಕೆ ಸರಿಯಾಗಿ ಬರುವುದಿಲ್ಲ?

ಚರ್ಮದ ಬಣ್ಣದಲ್ಲಿ ಹಸಿರು ಮುಂದಾಗಿರುವುದಿಲ್ಲ. ಜೊತೆಗೆ ಹೆಚ್ಚಿನ ಡಿಜಿಟಲ್ ಕ್ಯಾಮೆರಾ ಸೆನ್ಸರಿನಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೇ ಮೀಸಲು. ಹಾಗಾಗಿ ಆ ಚಾನೆಲ್ ಸ್ವಚ್ಛವಾಗಿರುತ್ತದೆ. ನಟಿ ಹಸಿರು ಸೀರೆ ಉಟ್ಟಿದ್ದರೆ ನೀಲಿ ಪರದೆ.

ಒಂದೇ ಕೀಯರ್‌ನಿಂದ ಇಡೀ ಮನುಷ್ಯನನ್ನು ತೆಗೆಯಲು ಹೋಗುವುದು ಎಲ್ಲರೂ ಮಾಡುವ ತಪ್ಪು. ದೇಹದ ಒಳಭಾಗಕ್ಕೆ ಗಟ್ಟಿಯಾದ ಒಂದು ಕೀ, ಅಂಚಿಗೆ ಮೃದುವಾದ ಇನ್ನೊಂದು, ಕೂದಲಿಗೆ ಬೇರೆಯೇ ಒಂದು. ಬೇಡದ ಜಾಗವನ್ನು ಗಾರ್ಬೇಜ್ ಮ್ಯಾಟ್‌ನಿಂದ ಮುಚ್ಚಿ. ಪರದೆಯ ಹಸಿರು ಕೆನ್ನೆ, ಭುಜದ ಮೇಲೆ ಬಿದ್ದಿರುತ್ತದೆ, ಅದನ್ನು ತೆಗೆಯುವ ಡೆಸ್ಪಿಲ್ ಪ್ರತ್ಯೇಕವಾಗಿ ಮಾಡಿ.

ಗಣಿತ ಬೇಕಾ? ನಾನು ಕಾಮರ್ಸ್ ಓದಿದವಳು.

ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು. ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂರಿಸಲು ನಾವು ದಿನಕ್ಕೆ ನೂರು ಸಲ ಬಳಸುವ ‘ಓವರ್’ ಲೆಕ್ಕ ಇಷ್ಟೇ: ಮೇಲಿನ ಚಿತ್ರ + ಹಿಂದಿನ ಚಿತ್ರ × (1 − ಆಲ್ಫಾ). ಆಲ್ಫಾ ಅಂದರೆ ಮೇಲಿನ ಚಿತ್ರ ಆ ಪಿಕ್ಸೆಲ್ಲನ್ನು ಎಷ್ಟು ಮುಚ್ಚುತ್ತದೆ ಎಂದು ಹೇಳುವ, 0ಯಿಂದ 1ರ ತನಕದ ಸಂಖ್ಯೆ. 1984ರಲ್ಲಿ ಥಾಮಸ್ ಪೋರ್ಟರ್, ಟಾಮ್ ಡಫ್ ಇಬ್ಬರು ಇದನ್ನು ಬರೆದಿಟ್ಟರು. ಇವತ್ತಿಗೂ ಅದೇ ನಡೆಯುತ್ತಿದೆ.

ಇದರಲ್ಲಿ ಒಂದನ್ನು ಮಾತ್ರ ಬಿಡದೆ ಅರ್ಥ ಮಾಡಿಕೊಳ್ಳಿ: ಪ್ರೀಮಲ್ಟ್. ಮೇಲಿನ ಲೆಕ್ಕದಲ್ಲಿ ಮೇಲಿನ ಚಿತ್ರದ ಬಣ್ಣವನ್ನು ಅದರ ಆಲ್ಫಾದಿಂದ ಮೊದಲೇ ಗುಣಿಸಿ ಇಟ್ಟಿರುತ್ತಾರೆ. ಆಲ್ಫಾ 0.5 ಇರುವ ಅಂಚಿನ ಪಿಕ್ಸೆಲ್‌ನಲ್ಲಿ ಬಣ್ಣವೂ ಅರ್ಧವೇ ಇರುತ್ತದೆ. ಹಾಗೇ ಇದ್ದಾಗ ನೇರವಾಗಿ ಗ್ರೇಡ್ ಮಾಡಿದರೆ (ಬಣ್ಣ ತಿದ್ದಿದರೆ) ಅಂಚು ಬೇರೆ, ಒಳಗು ಬೇರೆ ಬದಲಾಗಿ ಸುತ್ತ ಒಂದು ಗೆರೆ ಮೂಡಬಹುದು. ಮೊದಲು ಅನ್‌ಪ್ರೀಮಲ್ಟ್ (ಆ ಗುಣಾಕಾರವನ್ನು ಬಿಡಿಸುವುದು), ಆಮೇಲೆ ಗ್ರೇಡ್, ಮತ್ತೆ ಪ್ರೀಮಲ್ಟ್. ನನಗೆ ಬರುವ ಹತ್ತು ಅಂಚಿನ ದೂರುಗಳಲ್ಲಿ ಅರ್ಧಕ್ಕೆ ಮೂಲ ಇಲ್ಲೇ.

ಎಂಥ ಕಂಪ್ಯೂಟರ್ ಬೇಕು?

32 ಜಿಬಿ ರ್‍ಯಾಮ್, ವೇಗದ ಎಸ್‌ಎಸ್‌ಡಿ. ಸ್ಟುಡಿಯೊಗಳಲ್ಲಿ ಬಳಸುವ 16 ಬಿಟ್ ಓಪನ್ ಇಎಕ್ಸ್‌ಆರ್ ಎಂಬ ಚಿತ್ರದ ಫೈಲಿನ ಫ್ರೇಮ್ ಒಂದು, 1920×1080ರಲ್ಲಿ, ಆಲ್ಫಾ ಸೇರಿ, ಕಂಪ್ರೆಸ್ ಮಾಡದೆ ಇಟ್ಟರೆ 16 ಎಂಬಿ ದಾಟುತ್ತದೆ. 24 ಫ್ರೇಮ್ ಅಂದರೆ ಒಂದು ಸೆಕೆಂಡಿಗೇ ಸುಮಾರು 400 ಎಂಬಿ. ಕಲಿಯುವಾಗ 16 ಜಿಬಿಯಲ್ಲೂ ನಡೆಸಬಹುದು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಮೊದಲ ದಿನವೇ ಬೇಡ.

ಅಭ್ಯಾಸಕ್ಕೆ ಫುಟೇಜ್ ಎಲ್ಲಿ ಸಿಗುತ್ತದೆ?

ಬ್ಲೆಂಡರ್ ಫೌಂಡೇಷನ್ 2012ರಲ್ಲಿ ‘ಟಿಯರ್ಸ್ ಆಫ್ ಸ್ಟೀಲ್’ ಎಂಬ ಕಿರುಚಿತ್ರ ಮಾಡಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶೂಟ್ ಮಾಡಿದ ಅದರ ಮೂಲ ಫುಟೇಜನ್ನು ಎಲ್ಲರೂ ಬಳಸಲು ಬಿಟ್ಟಿದ್ದಾರೆ. ಹಸಿರು ಪರದೆ ಇದೆ, ಚಲಿಸುವ ಕ್ಯಾಮೆರಾ ಇದೆ. ಇದಕ್ಕಿಂತ ದೊಡ್ಡ ಉಡುಗೊರೆ ಕಲಿಯುವವರಿಗೆ ಇಲ್ಲ.

ನಿಮ್ಮ ಫೋನಿನಲ್ಲೂ ಶೂಟ್ ಮಾಡಿ. ನಿಮ್ಮ ಬೀದಿಯ ಅಂಗಡಿಯ ಬೋರ್ಡಿನಲ್ಲಿ ಹೆಸರು ಬದಲಿಸಿ. ಕ್ಯಾಮೆರಾ ನಡೆಯುತ್ತಿರಲಿ, ಬೋರ್ಡಿನ ಮುಂದೆ ಸ್ಕೂಟರ್ ಹಾದುಹೋಗಲಿ. ಟ್ರ್ಯಾಕ್ (ಚಲನೆಯನ್ನು ಹಿಂಬಾಲಿಸುವುದು), ರೋಟೊ, ಪೇಂಟ್ (ಬೇಡದ್ದನ್ನು ಬಳಿದು ಅಳಿಸುವುದು), ಬಣ್ಣ, ಗ್ರೇನ್ ಎಲ್ಲವೂ ಈ ಒಂದೇ ಶಾಟ್‌ನಲ್ಲಿ ಬರುತ್ತದೆ. ಮುಗಿಸಿ ನಿಮ್ಮ ಅಮ್ಮನಿಗೆ ತೋರಿಸಿ. ಅವರಿಗೆ ಏನೂ ಅನ್ನಿಸದಿದ್ದರೆ ಶಾಟ್ ಗೆದ್ದಿದೆ.

ಕನ್ನಡ ಅಕ್ಷರಗಳನ್ನು ಅನಿಮೇಟ್ ಮಾಡಿದರೆ ಒಡೆದುಹೋಗುತ್ತವೆ, ಏನು ಮಾಡುವುದು?

ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹಾರಿ ಬಂದು ಕೂರುವ ಪ್ರಿಸೆಟ್ ಚೆನ್ನಾಗಿ ಕಾಣುತ್ತದೆ. ಅದನ್ನೇ ‘ಕರ್ನಾಟಕ’ಕ್ಕೆ ಹಾಕಿ ನೋಡಿ. ನಮ್ಮ ಕಣ್ಣಿಗೆ ಅದು ಕ, ರ್ನಾ, ಟ, ಕ: ನಾಲ್ಕು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ರ, ಅದರ ವಿರಾಮ, ನ, ದೀರ್ಘ ಎಲ್ಲ ಬೇರೆ ಬೇರೆ. ಸರಿಯಾದ ಟೆಕ್ಸ್ಟ್ ಎಂಜಿನ್ ಇಲ್ಲದಿದ್ದರೆ ಅರ್ಕಾವೊತ್ತು ಒಂದು ಕಡೆ, ‘ನಾ’ ಇನ್ನೊಂದು ಕಡೆ ಹಾರುತ್ತದೆ. ಹಳೆಯ ನುಡಿ, ಶ್ರೀಲಿಪಿ ಮಾದರಿಯ ಫಾಂಟ್‌ಗಳಲ್ಲಿ ಒತ್ತು, ಕೊಂಬುಗಳೇ ಪ್ರತ್ಯೇಕ ತುಂಡುಗಳಾಗಿ ಕೂತಿರುತ್ತವೆ. ಅಲ್ಲಿ ಒಡೆಯುವುದು ಖಂಡಿತ.

ಯೂನಿಕೋಡ್ ಫಾಂಟ್ ಬಳಸಿ. ಸಾಫ್ಟ್‌ವೇರಿನ ಟೆಕ್ಸ್ಟ್ ಸೆಟ್ಟಿಂಗ್ ಭಾರತೀಯ ಲಿಪಿಗೆ ಹೊಂದುವಂತೆ ಇದೆಯೇ ಎಂದು ನೋಡಿ. ಆಮೇಲೂ ಸರಿಬರದಿದ್ದರೆ ಅಕ್ಷರಗಳನ್ನು ಶೇಪ್ ಮಾಡಿಕೊಂಡು, ಒಂದೊಂದು ಅಕ್ಷರಕ್ಕೆ ಸೇರಿದ ತುಂಡುಗಳನ್ನು ಕೈಯಲ್ಲೇ ಗುಂಪು ಮಾಡಿ. ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಆಗಲಿ.

ಇನ್ನೊಂದು. ಕನ್ನಡದ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷ್ ಅಳತೆಯ ಮಾಸ್ಕ್ ಇಟ್ಟರೆ ‘ಸ್ವಾತಂತ್ರ್ಯ’ದ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ. ಟಿವಿಯಲ್ಲಿ ಇದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕನ್ನಡ ಓದಲು ಬರುವ ಡಿಸೈನರ್‌ಗೆ ಇಲ್ಲಿ ನಿಜವಾದ ಬೆಲೆ ಇದೆ. ಈ ಕೆಲಸವನ್ನು ನಮಗಿಂತ ಚೆನ್ನಾಗಿ ಬೇರೆ ಯಾರು ಮಾಡಬೇಕು?

ಎಐ ಬಂದಿದೆ, ಸ್ಟುಡಿಯೊಗಳು ಮುಚ್ಚುತ್ತಿವೆ. ಮಗನನ್ನು ಈ ಕೋರ್ಸಿಗೆ ಸೇರಿಸಬಹುದಾ?

ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇದು ಏರಿಳಿತದ ಉದ್ಯಮ. 2013ರಲ್ಲಿ ಅಮೆರಿಕದ ವಿಎಫ್‌ಎಕ್ಸ್ ಸ್ಟುಡಿಯೊ ರಿದಮ್ ಅಂಡ್ ಹ್ಯೂಸ್ ದಿವಾಳಿ ಅರ್ಜಿ ಹಾಕಿತು, ಆಸ್ಕರ್ ಪಡೆಯುವ ಕೆಲವೇ ದಿನ ಮೊದಲು. 2025ರ ಫೆಬ್ರವರಿಯಲ್ಲಿ ಹಲವು ದೇಶಗಳಲ್ಲಿ ವಿಎಫ್‌ಎಕ್ಸ್ ಸ್ಟುಡಿಯೊ ನಡೆಸುತ್ತಿದ್ದ ಟೆಕ್ನಿಕಲರ್ ಗುಂಪು ಕುಸಿದಾಗ ಬೆಂಗಳೂರಿನ ಕಲಾವಿದರೂ ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ತಿಂಗಳ ಸಂಬಳ ಒಂದನ್ನೇ ನಂಬಿ, ಸಾಲ ಮಾಡಿ ದೊಡ್ಡ ಫೀಸ್ ಕಟ್ಟುವುದು ಬೇಡ ಅನ್ನುವುದು ಅದಕ್ಕೇ.

ಎಐ ವಿಷಯ. 2021ರ ನ್ಯೂಕ್ 13ರಲ್ಲಿ ಕಾಪಿಕ್ಯಾಟ್ ಎಂಬ ಎಐ ಉಪಕರಣ ಬಂತು. ಕೆಲವು ಫ್ರೇಮ್ ನೀವು ಮಾಡಿ ತೋರಿಸಿದರೆ ಉಳಿದದ್ದನ್ನು ಅದು ಕಲಿತು ಮಾಡುತ್ತದೆ. ರೋಟೊ, ಪೇಂಟ್ ಕೆಲಸ ಕಡಿಮೆಯಾಗುತ್ತಿದೆ, ಇದು ಸುಳ್ಳಲ್ಲ. ಆದರೆ ಆ ಕೆಲವು ಫ್ರೇಮ್ ಚೆನ್ನಾಗಿ ಮಾಡಲು, ಯಂತ್ರ ಕೊಟ್ಟದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ಹೇಳಲು, ಕಣ್ಣು ಬೇಕು. ಸಾಫ್ಟ್‌ವೇರ್ ಮಾತ್ರ ಕಲಿತವನಿಗೆ ಕಷ್ಟ ಇದೆ. ಮಗನಿಗೆ ನಿಜವಾಗಿ ಆಸೆ ಇದ್ದರೆ ಮೊದಲು ಉಚಿತ ಸಾಫ್ಟ್‌ವೇರಿನಲ್ಲಿ ಆರು ತಿಂಗಳು ಬಿಡಿ. ರಾತ್ರಿ ಊಟಕ್ಕೆ ಕರೆದರೂ ಏಳದೆ ಒಂದೇ ಶಾಟ್ ತಿದ್ದುತ್ತಿದ್ದರೆ, ಆಗ ಫೀಸಿನ ಮಾತು ಆಡಿ. ಡಿಗ್ರಿ ಬಿಡಿಸಬೇಡಿ.

ಶೋರೀಲ್ ಎಷ್ಟು ಉದ್ದ ಇರಬೇಕು?

ಒಂದೂವರೆ ನಿಮಿಷ ಮೀರಬಾರದು. ಅತ್ಯುತ್ತಮ ಶಾಟ್ ಮೊದಲು. ಪ್ರತಿ ಶಾಟ್‌ಗೆ ಮೂಲ ಪ್ಲೇಟ್ (ಏನೂ ಸೇರಿಸುವ ಮೊದಲಿನ, ಕ್ಯಾಮೆರಾ ಹಿಡಿದ ಚಿತ್ರ) ತೋರಿಸಿ, ನೀವು ಏನು ಮಾಡಿದಿರಿ ಎಂದು ಬರೆಯಿರಿ. ಬೇರೆಯವರ ಕೆಲಸ ನಿಮ್ಮದೆಂದು ಹಾಕಬೇಡಿ. ಇದು ಚಿಕ್ಕ ಊರಿನಂಥ ಉದ್ಯಮ, ಎಲ್ಲರಿಗೂ ಎಲ್ಲರೂ ಗೊತ್ತು.

ಸೀನಿಯರ್ ಒಬ್ಬರಿಗೆ ನನ್ನ ಶಾಟ್ ನೋಡಿ ಅಂತ ಕೇಳುವುದು ಹೇಗೆ?

“ಸರ್, ಗೈಡ್ ಮಾಡಿ” ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಅವರಿಗೂ ಕೆಲಸ ಮುಗಿಸಿ ಕೊಡುವ ಗಡುವು ಇರುತ್ತದೆ. ಒಂದೇ ಶಾಟ್ ಕಳಿಸಿ, ಐದು ಸೆಕೆಂಡ್ ಸಾಕು. ಜೊತೆಗೆ ಮೂಲ ಪ್ಲೇಟ್, ನೋಡ್‌ಗಳ ಒಂದು ಸ್ಕ್ರೀನ್‌ಶಾಟ್. ಫ್ರೇಮ್ ನಂಬರ್ ಚಿತ್ರದ ಮೇಲೆ ಕಾಣುತ್ತಿರಲಿ. ಸ್ಟುಡಿಯೊಗಳಂತೆ 1001ರಿಂದ ಶುರು ಮಾಡಿದರೆ ಅವರಿಗೂ ಆರಾಮ. ಆಮೇಲೆ ಒಂದೇ ಪ್ರಶ್ನೆ ಕೇಳಿ: “1034ರಲ್ಲಿ ಕಿವಿಯ ಹತ್ತಿರ ಅಂಚು ಕಪ್ಪಾಗುತ್ತಿದೆ. ಅನ್‌ಪ್ರೀಮಲ್ಟ್ ಮಾಡಿ ನೋಡಿದೆ, ಹೋಗಲಿಲ್ಲ. ಎಲ್ಲಿ ಹುಡುಕಲಿ?” ಹೀಗೆ ಕೇಳಿದವರಿಗೆ ನಾನು ಊಟ ಬಿಟ್ಟಾದರೂ ಉತ್ತರ ಬರೆಯುತ್ತೇನೆ. ನೋಟ್ಸ್ ಬಂದ ಮೇಲೆ ತಿದ್ದಿ, ಎರಡನೇ ವರ್ಷನ್ ಅವರಿಗೇ ಕಳಿಸಿ.